ಸತ್ತ ಮಾದಮ್ಮನ ಸಾಕ್ಷಿ

ನಡುರಾತ್ರಿಯಲ್ಲಿ ಬಾಗಿಲ ಸರಪಳಿ ಕಿಣಿ ಎಂದಿತು. ಒಳಗಿನಿಂದ ಯಾರೋ ಬಿಗಿದದ್ದು. ಹೊರಗೆ ನಿಂತ ಅರಕಲಗೂಡು ತಾಲ್ಲೂಕು ಕಚೇರಿಯ ಜವಾನ ಚಂದ್ರಯ್ಯನಿಗೆ ಆ ಸದ್ದು ಹೊಸದಲ್ಲ.

“ಮಾದಮ್ಮ ಅವ್ಳಾ?”

“ಸತ್ತೋದ್ಲು ಕಣಪ್ಪ,” ಎಂದಿತು ಮಾದಮ್ಮನ ದನಿಯೇ.

ಕಚೇರಿಯ ಕಾಗದ ಬಂದರೆ ಸಾಯುವುದು ಆ ಕೇರಿಯ ರೂಢಿ. ಪಕ್ಕದ ಗುಡಿಸಲಿನ ಸಣ್ಣಯ್ಯ ಈಗಾಗಲೇ ಮೂರು ಸಲ ಸತ್ತಿದ್ದ.

“ಸತ್ತೋಳ್ಗೆ ಏಳ್ಬುಡವ್ವ. ವಿಧಾನಸಭೆ ಸಮಿತಿ ಸಾಕ್ಷಿಗೆ ಕರ್ದದೆ. ನಾಳೆ ಅತ್ತು ಗಂಟೆಗೆ ಬಂಗಲೆ ತಾವ. ನೀನು ಅರ್ಜಿ ಆಕಿದ್ಯಲ್ಲ, ಎರಿಗೆ ಮನೆ ಇಚಾರ.”

ಆ ಹೆರಿಗೆ ಮನೆಗೆ ಶ್ರಮದಾನವೆಂದು ಕೇರಿಯ ಹೆಂಗಸರು ಮೂರು ತಿಂಗಳು ಕಲ್ಲು ಹೊತ್ತಿದ್ದರು. ಕಟ್ಟಿ ಮುಗಿದ ಮೇಲೆ ಪಟೇಲ ಚಲುವಯ್ಯ ಅದರಲ್ಲಿ ತನ್ನ ತಂಬಾಕು ತುಂಬಿ ಬೀಗ ಜಡಿದ. ಮಾದಮ್ಮನ ಮಗಳು ಹೊನ್ನಕ್ಕ ಮೊದಲ ಮಗುವನ್ನು ಹೊಳೆನರಸೀಪುರದ ಆಸ್ಪತ್ರೆಯ ದಾರಿಯಲ್ಲಿ, ಗಾಡಿಯಲ್ಲೇ ಕಳೆದುಕೊಂಡಿದ್ದಳು. ಈಗ ಮತ್ತೆ ತುಂಬಿದ ತಿಂಗಳು.

ಎಂಟು ದಿನ ಸಾಹೇಬರ ಮೇಜಿನಲ್ಲಿ ಮಲಗಿದ್ದ ಸಮನ್ಸು ಚಂದ್ರಯ್ಯನ ಕೈಗೆ ಬಂದದ್ದೇ ಆ ಸಂಜೆ. ಅದನ್ನು ಬಾಗಿಲ ಸಂದಿಗೆ ತುರುಕಿ, ಪುಸ್ತಕದಲ್ಲಿ ‘ಸತ್ತಿದ್ದಾಳೆ’ ಎಂದೇ ಬರೆದುಕೊಂಡ. ಆ ಪುಸ್ತಕದಲ್ಲಿ ಬರೆದದ್ದು ಪಟೇಲನ ಕಿವಿಗೆ ಬೀಳದೆ ಇರುತ್ತಿರಲಿಲ್ಲ; ಸಮನ್ಸು ಪಡೆದಳೆಂದು ಬರೆದರೆ ಬೆಳಗಾಗುವುದರೊಳಗೆ ಪಟೇಲನ ಆಳುಗಳು ಬರುತ್ತಿದ್ದರು.

ಮರುದಿನ ಪ್ರವಾಸಿ ಬಂಗಲೆಯಲ್ಲಿ ಸಮಿತಿಯ ಅಧ್ಯಕ್ಷರು ಮಾದಮ್ಮನ ಹೆಸರು ಕೂಗಿಸಿದರು. ಚಲುವಯ್ಯ ಎದ್ದು ಕೈಮುಗಿದ.

“ಪಾಪ, ತೀರ್ಕೊಂಡ್ಲು ಸ್ವಾಮಿ. ಗುಂಡಿಗೆ ಮೂರಿಡಿ ಮಣ್ಣು ನಾನೇ ಆಕ್ದೆ.”

“ಪ್ರಮಾಣ ಮಾಡಿ ಹೇಳ್ತಿದ್ದೀರಾ?”

“ಊಂ ಸ್ವಾಮಿ.”

“ಮಣ್ಣು ಆಕಿದ್ದು ದಿಟ ಸಾ, ನಮ್ ಬಾಯಿಗೆ,” ಎಂದು ಹಿಂದಿನಿಂದ ಮಾದಮ್ಮ ಬಂದಳು. “ಸತ್ತೋಳು ನಾನೇ.”

ಸದಸ್ಯರೊಬ್ಬರು ನಗು ತಡೆಯಲಾರದೆ ಕಡತದಲ್ಲಿ ಮುಖ ಮುಚ್ಚಿಕೊಂಡರು.

“ಹೆರಿಗೆ ಮನೆಗೆ ಆರು ಮಂಚ ಕೊಟ್ಟಿದೆಯಲ್ಲಮ್ಮ,” ಎಂದರು ಅಧ್ಯಕ್ಷರು. “ಅಲ್ಲಿ ಯಾರೂ ಇಲ್ವಾ?”

“ತಂಬಾಕು ಬಾಣಂತನ ಮಾಡುಸ್ಕೊತಾ ಅದೆ ಸಾ.”

ಎಲ್ಲ ಬರೆದುಕೊಂಡರು. ವರದಿ ಸದನದ ಮುಂದೆ ಬರುತ್ತದೆ ಎಂದರು.

“ಬೀಗ ಯಾವಾಗ ತೆಗುಸ್ತೀರಿ ಸಾ?”

“ಕರೆಸೋದು, ಕೇಳೋದು, ಕಾಗದ ತರಿಸೋದು ನಮ್ಮ ಅಧಿಕಾರ ಕಣಮ್ಮ. ಬೀಗ ತೆಗೆಸಬೇಕಾದ್ದು ಸರ್ಕಾರ. ಮುಂದಿನ ಅಧಿವೇಶನ ಆಗಲಿ.”

“ನನ್ ಮಗಳ ಒಟ್ಟೆ ಅಧಿವೇಶ್ನ ಕಾಯಾಕಿಲ್ಲ ಸಾ.”

ಸಮಿತಿಯ ಕಾರು ಹಾಸನದ ಕಡೆ ಧೂಳೆಬ್ಬಿಸಿ ಹೋಯಿತು.

ಮೂರನೆಯ ದಿನ ಮುಸ್ಸಂಜೆ ಚಂದ್ರಯ್ಯ ಆ ದಾರಿಯಲ್ಲಿ ಬರುತ್ತಿದ್ದಾಗ ಹೆರಿಗೆ ಮನೆಯ ಬಾಗಿಲು ತೆರೆದಿತ್ತು. ಬೀಗ ಮುರಿದು ಬಿದ್ದಿತ್ತು. ಹೆಂಗಸರು ತಂಬಾಕಿನ ಹೊರೆಗಳನ್ನು ಹೊತ್ತೊಯ್ದು ಪಟೇಲನ ಜಗಲಿಯ ಮೇಲೆ ಅಚ್ಚುಕಟ್ಟಾಗಿ ಪೇರಿಸುತ್ತಿದ್ದರು. ಹೊನ್ನಕ್ಕ ಗೋಡೆ ಹಿಡಿದುಕೊಂಡು ಒಳಗೆ ನಡೆದಳು.

ಮಾದಮ್ಮ ಅವನನ್ನು ನೋಡಿದಳು. “ಏನಣ್ಣ, ಅಂಗೇ ನಿಂತ್ಬುಟ್ಟೆ? ಒಸಿ ಕೈ ಕೊಡು.”

ಚಂದ್ರಯ್ಯ ಹೊರೆಯನ್ನು ಅವಳ ತಲೆಗೇರಿಸಿದ. ಸಾಹೇಬರು ಕೇಳಲಿ, ಪಟೇಲ ಕೇಳಲಿ, ಯಾವ ಸಮಿತಿಯೇ ಪ್ರಮಾಣ ಮಾಡಿಸಿ ಕೇಳಲಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿಕೊಂಡ.