ಮಾತಿಗೆ ಮೊದಲ ಪಾಳಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತದೆ, ನಿಪ್ಪಾಣಿಯ ನಮ್ಮ ವೈ-ಫೈ ಅಂಗಡಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆದರೆ ಆ ಸಂಜೆ ಬೋರಗಾಂವದಲ್ಲಿ ಕಂಡದ್ದಕ್ಕೆ ಸಂತನಿಗೂ ಸಿಟ್ಟು ಬರುತ್ತಿತ್ತು. ಮಗ್ಗದ ಮಾಲೀಕ ಜಯಪಾಲ ಅಣ್ಣನ ತಾಯಿ ಲಕ್ಷ್ಮಿಬಾಯಿ ಮಲಗಿದ್ದ ಕೋಣೆಯಲ್ಲಿ ನಾನೇ ಕೈಯಾರೆ ಕೂರಿಸಿದ್ದ ವೈ-ಫೈ ಡಬ್ಬಿ. ಅದರ ಮೇಲೆ ದೊಡ್ಡದೊಂದು ಹಿತ್ತಾಳೆ ಬೋಗುಣಿ ಬೋರಲು ಮುಚ್ಚಿದ್ದರು!

"ಇದೇನ್ರಿ ಇದು?" ಎಂದೆ.

ಮುದುಕಿಯನ್ನು ನೋಡಿಕೊಳ್ಳುತ್ತಿದ್ದ ಅಕ್ಕುತಾಯಿ ತಣ್ಣಗೆ ಹೇಳಿದಳು: "ಚಾತುರ್ಮಾಸ ಐತ್ರಿ. ಹೊತ್ತ ಮುಳಗಿದ್ರ ಆ ಹಸರ ದೀಪಕ್ಕ ಹುಳಾ ಬಂದ ಬಡಕೊಂಡ ಸಾಯ್ತಾವ. ಜೀವಹಿಂಸಾ ಬ್ಯಾಡಂತ ಅಣ್ಣಾರು ಮುಚ್ಚ್ಯಾರ."

"ಹುಳಾ ಉಳದ್ವು, ಮಾತು ಸತ್ತ್ವಲ್ಲವಾ! ಹಿತ್ತಾಳಿ ದಾಟಿ ವೈ-ಫೈ ಹೋಗಂಗಿಲ್ಲ. ಹೊತ್ತ ಮುಳಗಿದ್ ಮ್ಯಾಲೆ ಆಯೀ ಫೋನ್ ಹತ್ತವಲ್ದು ಅಂತ ನನ್ನ ಜೀವಾ ತಿಂದಿದ್ದು ಇದಕ್ಕೇನು?"

ಮಂಚದ ಮೇಲೆ ಲಕ್ಷ್ಮಿಬಾಯಿ ಸಣ್ಣಗೆ ನಕ್ಕಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಪ್ರಾಣ ಹೋಗುವಾಗ ಮಗನ ಬಾಯಿಂದ ಜೈನರ ಣಮೋಕಾರ ಮಂತ್ರ ಕಿವಿಗೆ ಬೀಳಬೇಕು. ಅವಳ ಗಂಡನಿಗೆ ಆ ಭಾಗ್ಯ ಸಿಗಲಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಮಗ್ಗಗಳ ಗದ್ದಲ. ಅವತ್ತು ಕರೆದವರ ಕೂಗು ಜಯಪಾಲನಿಗೆ ಕೇಳಿಸಲೇ ಇಲ್ಲ. ತಗಡಿನ ಪತ್ರಾಸಿನ ಶೆಡ್ಡು, ಮೊಬೈಲಿಗೂ ಸಿಗ್ನಲ್ ಇಲ್ಲ. ಅದಕ್ಕೇ ಮನೆ, ಶೆಡ್ಡು ಎರಡಕ್ಕೂ ವೈ-ಫೈ ಹಾಕಿಸಿ, ತಾಯಿಗೊಂದು ಮಗನಿಗೊಂದು ಪುಟ್ಟ ಫೋನು ಕೊಡಿಸಿದ್ದರು. ಕ್ಯಾಮೆರಾ, ಕಂಪ್ಯೂಟರು ಎಲ್ಲ ಕಾಯಲಿ, ಮಾತಿಗೆ ಮೊದಲ ಪಾಳಿ ಎಂದು ನಾನೇ ಸೆಟ್ಟಿಂಗ್ ಮಾಡಿಟ್ಟಿದ್ದೆ.

ಬೋಗುಣಿ ತೆಗೆದಿಟ್ಟೆ. ದೀಪವಷ್ಟೇ ಆರಿಸುವ ಸೆಟ್ಟಿಂಗ್ ಇತ್ತು, ಶೆಡ್ಡಿನ ಕಂಪ್ಯೂಟರಿನಿಂದ ಮಾಡಬೇಕಿತ್ತು. ಇನ್ನೊಂದು ತೊಂದರೆಯೂ ಆಗಿತ್ತು. ಈ ಫೋನುಗಳು ಬ್ಯಾಟರಿ ಉಳಿಸಲು ನಡುನಡುವೆ ನಿದ್ದೆ ಹೋಗುತ್ತವೆ. ಅಷ್ಟರಲ್ಲಿ ಬಂದದ್ದನ್ನು ಡಬ್ಬಿ ಹಿಡಿದಿಟ್ಟು, ಎಚ್ಚರವಾದಾಗ ಕೊಡುತ್ತದೆ. ಬೋಗುಣಿಯ ದೆಸೆಯಿಂದ ಮುದುಕಿಯ ಫೋನು ನಿದ್ದೆಗೆಟ್ಟು ಡಬ್ಬಿಯನ್ನೇ ಹುಡುಕಿ ಹುಡುಕಿ ಬ್ಯಾಟರಿ ಉಬ್ಬಿಸಿಕೊಂಡಿತ್ತು.

"ಆಯೀ, ಬ್ಯಾಟರಿ ಬದಲಿ ಮಾಡಿ ಈಗ ತರ್ತೀನಿ."

"ಲಗೂನ ತಾ ಮಗಳ," ಎಂದಳು.

ಶೆಡ್ಡಿನ ಮೂಲೆಯ ಆಫೀಸಿಗೆ ಬಂದೆ. ಜಯಪಾಲ ಅಣ್ಣ ನೂಲಿನ ಲೆಕ್ಕದಲ್ಲಿ ಮುಳುಗಿದ್ದ. ಮುದುಕಿಯ ಫೋನಿನ ಬ್ಯಾಟರಿ ಬಿಚ್ಚಿ ಮೇಜಿನ ಮೇಲಿಟ್ಟು, ದೀಪ ಆರಿಸುವ ಸೆಟ್ಟಿಂಗ್ ಹುಡುಕತೊಡಗಿದೆ. ಹೊರಗೆ ಹೊತ್ತು ಮುಳುಗುತ್ತಿತ್ತು. ಆಗ ಅವನ ಸೊಂಟದ ಫೋನು ಗುಂಯ್ ಎಂದಿತು.

"ನೋಡ್ರಿ, ಹತ್ತಿತಲ್ಲ! ಅವ್ವಾನ ಫೋನು." ಸಂತೋಷದಿಂದ ಸ್ಪೀಕರ್ ಒತ್ತಿದ.

"ಜಯಪಾಲಾ," ಎಂದಿತು ದನಿ. ಮಗ್ಗಗಳ ಗದ್ದಲದಲ್ಲೂ ಮಗ್ಗುಲಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. "ಹೇಳಪ್ಪಾ ಈಗ. ಓಡಿ ಬರಬ್ಯಾಡ, ವ್ಯಾಳೆ ಇಲ್ಲ. ಅಲ್ಲಿಂದನ ಹೇಳು."

ಮುದುಕಿಯದೇ ದನಿ. ಹಳೆಯ ಮಾತೇನಾದರೂ ಡಬ್ಬಿಯಲ್ಲಿ ಸಿಕ್ಕಿಕೊಂಡಿತ್ತೇ? ಛೇ, ಡಬ್ಬಿ ಹಿಡಿದಿಡುವುದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅದೂ ಬದುಕಿರುವ ಫೋನಿಗೆ. ಈ ಫೋನು ನನ್ನ ಮುಂದೆ ಹೊಟ್ಟೆ ಬಗೆದುಕೊಂಡು ಬಿದ್ದಿತ್ತು. ಪರದೆ ಕಪ್ಪು. ಕೈಯಲ್ಲಿ ಹಿಡಿದೆ, ತಣ್ಣಗಿತ್ತು.

ಜಯಪಾಲ ಅಣ್ಣನ ಮುಖ ಬಿಳಿಚಿತು. ಎದ್ದು ನಿಂತ, ಬಾಗಿಲ ಕಡೆ ನೋಡಿದ, ಕೈ ಮುಗಿದು ಮಂತ್ರ ಶುರು ಮಾಡಿದ. ಹೇಳಿಬಿಡಲೇ? ಅಣ್ಣಾ, ಆ ಫೋನು ಇಲ್ಲಿದೆ, ನೀನು ಯಾರ ಜೊತೆ ಮಾತಾಡುತ್ತಿರುವೆಯೋ ನನಗೆ ಗೊತ್ತಿಲ್ಲ ಎಂದು? ಬಾಯಿ ತೆರೆದೆ. ಅಷ್ಟರಲ್ಲಿ ಅವನ ಪ್ರತಿ ಸಾಲಿನ ಹಿಂದೆಯೂ ಆ ದನಿ ಮೆಲ್ಲಗೆ ಅದೇ ಸಾಲನ್ನು ಹೇಳತೊಡಗಿತು. ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡೆ. ಕೈಯಲ್ಲಿದ್ದ ಫೋನನ್ನು ಓಢಣಿಯೊಳಗೆ ಬಚ್ಚಿಟ್ಟೆ.

ಮಂತ್ರ ಮುಗಿಯಿತು. "ಸಾಕಪ್ಪಾ," ಎಂದಿತು ದನಿ. ಆಮೇಲೆ ಮಗ್ಗಗಳ ಸದ್ದು ಮಾತ್ರ.

ಅವನು ಓಡಿದ. ಹಿಂದೆ ನಾನೂ ಓಡಿದೆ. ಅಕ್ಕುತಾಯಿ ಅಳುತ್ತ ಹೊಸ್ತಿಲಿಗೆ ಬಂದಿದ್ದಳು.

"ಕರೀಲಿಕ್ಕೆ ಬರಬೇಕಂದ್ರ ಆಯೀ ನನ್ನ ಕೈ ಬಿಡವಲ್ರಾಗಿದ್ರು ಅಣ್ಣಾರ. ಫೋನ್ ತಾ, ಫೋನ್ ತಾ ಅಂದ್ರು. ಫೋನ್ ಮ್ಯಾಡಮ್ಮಾರು ಒಯ್ದಾರ ಆಯೀ, ಅಂದೆ. ಕೇಳಲಿಲ್ರಿ. ಬರೇ ಅಂಗೈನ ಕಿವಿಗಿ ಹಚಗೊಂಡ್ರು."

"ಆಮ್ಯಾಲ?" ಎಂದ ಜಯಪಾಲ ಅಣ್ಣ.

"'ಸುಮ್ನಿರ, ನನ್ನ ಮಗಾ ಹೇಳಾಕತ್ತಾನ' ಅಂತ ನನಗ ಬೈದ್ರು. ಒಂದೊಂದ ಸಾಲು ಹಿಂದ ಹಿಂದ ಅಂದ್ರು. ಸಾಕಪ್ಪಾ ಅಂದ್ರು. ಹ್ವಾದ್ರು."

ಅವನು ತಿರುಗಿ ನನ್ನನ್ನೇ ನೋಡಿದ. ನಾನು ಓಢಣಿಯಿಂದ ಫೋನು ತೆಗೆದು ಅವನ ಕೈಗೆ ಕೊಟ್ಟೆ. ಬ್ಯಾಟರಿಯಿಲ್ಲದ ಆ ಗೂಡಿನಲ್ಲಿ ಬೆರಳಾಡಿಸಿ ನೋಡಿದ. ಮಂಚದ ಬಳಿ ಕೂತು, ತಾಯಿಯ ಕಿವಿಗೆ ಅಂಟಿದ್ದ ಅಂಗೈಯನ್ನು ಮೆಲ್ಲಗೆ ಬಿಡಿಸಿದ. ಅವಳ ಮೈ ಆಗಲೇ ತಣ್ಣಗಾಗುತ್ತಿತ್ತಂತೆ, ಆ ಅಂಗೈ ಮಾತ್ರ ಬಹಳ ಹೊತ್ತು ಮಾತಾಡಿದ ಫೋನಿನ ಹಾಗೆ ಬಿಸಿಯಾಗಿತ್ತಂತೆ. ನನಗೆ ಮುಟ್ಟಿ ನೋಡುವ ಧೈರ್ಯವಾಗಲಿಲ್ಲ.