ಸಾಯಲೊಲ್ಲದ ಕಣಗಳು

ಸಾರಥಿ ಊರಿನ ನಾಗರತ್ನಮ್ಮನಿಗೆ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಎಂದು ಗೊತ್ತಾದ ದಿನವೇ ಆ ಮನೆಯಲ್ಲಿ ಒಂದು ಮಾತಿಗೆ ಬಹಿಷ್ಕಾರ ಬಿತ್ತು. ಸಾವು ಅನ್ನಬಾರದು, ಸತ್ತ ಅನ್ನಬಾರದು. ಅಸ್ತು ದೇವತೆಗಳು ಅಸ್ತು ಅಂದುಬಿಟ್ಟರೆ? ಗಂಡ ರೇವಣ್ಣನ ಕಟ್ಟಪ್ಪಣೆ ಅದು. ಬೋನಿನಲ್ಲಿ ಇಲಿ ಸತ್ತು ಬಿದ್ದರೂ ಪುಣ್ಯಾತ್ಮ "ಮಲಗೈತೆ" ಎನ್ನುತ್ತಿದ್ದ!

ಮೂರು ಸಲ ದಾವಣಗೆರೆಗೆ ಹೋಗಿ ಔಷಧಿ ಏರಿಸಿಕೊಂಡು ಬಂದಮೇಲೆ ನಾಗರತ್ನಮ್ಮನ ಕೂದಲು ಉದುರಿತು, ನಾಲಿಗೆಗೆ ಮಂಡಕ್ಕಿಯೂ ರುಚಿಸದಾಯಿತು. "ಇನ್ನೂ ಮೂರು ಬಾಕಿ ಐತಂತೆ. ನಾ ಒಲ್ಲೆ. ಈ ಔಷಧಿ ನನ್ನೇ ತಿನ್ನಾಕ ಹತ್ತೈತೆ," ಎಂದು ಹಟ ಹಿಡಿದಳು. ಅವಳ ಹಟವೆಂದರೆ ಕೇಳಬೇಕೆ! ಸ್ಕ್ಯಾನಿನ ಫಲಿತಾಂಶ ಕೇಳುವ ದಿನ, ಇದೇ ಕೊನೆಯೆಂದು ಹೇಳಿ ಬರಲೆಂದೇ ಬಸ್ಸು ಹತ್ತಿದಳು. ಹರಿಹರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸೊಸೆ ರೇಖಾ, ಜೊತೆಗೆ ರೇವಣ್ಣ.

ಡಾಕ್ಟರ್ ನುಜತ್ ವರದಿ ನೋಡಿ, "ಅಮ್ಮ, ಗಡ್ಡೆ ಒಳಗಿನ ಕಣ ಸಾ—" ಎನ್ನುವಷ್ಟರಲ್ಲಿ ರೇವಣ್ಣ ಕೈಮುಗಿದ. "ಮೇಡಂ, ಆ ಮಾತೊಂದು ಬ್ಯಾಡ್ರಿ!"

ಡಾಕ್ಟರು ತಬ್ಬಿಬ್ಬಾಗಿ ಸುಮ್ಮನಾದರು. ಮುಗೀತು ನನ್ನ ಕತೆ, ಅದಕ್ಕೇ ಬಾಯಿ ಬಿಡುತ್ತಿಲ್ಲ ಎಂದುಕೊಂಡಳು ನಾಗರತ್ನಮ್ಮ. ಕಣ್ಣು ತುಂಬಿ ಬಂತು.

ಮೇಜಿನ ಮೇಲಿದ್ದ ವರದಿಯನ್ನು ಬಗ್ಗಿ ಓದಿದ ರೇಖಾಳಿಗೆ ತಡೆಯಲಾಗಲಿಲ್ಲ. "ಮಾವ, ನೀವು ಸುಮ್ನಿರ್ರಿ. ಅತ್ತೆ, ಇಲ್ಲಿ ಕೇಳ್ರಿ. ಮೈಯಾಗಿನ ಜೀವಕಣ ಕೆಟ್ಟರೆ ತಾನಾಗೇ ಸಾಯ್ಬೇಕು. ಹಂಗ ದಿನಾ ಸಾಯ್ತಾವೆ ಅಂತನೇ ನಾವು ಬದುಕಿರೋದು. ಈ ಗಡ್ಡೆ ಕಣ ಸಾಯೋದು ಬಿಟ್ಟು ಮರಿ ಹಾಕ್ಕೊಂತ ಕುಂತಿದ್ವು."

"ಹಬ್ಬ ಮುಗುದ್ರೂ ಹೊರಡದ ಬೀಗರಂಗೆ?" ಎಂದಳು ನಾಗರತ್ನಮ್ಮ.

"ಹೂಂ! ಔಷಧಿ ಬಿದ್ದಮ್ಯಾಲೆ ಈಗ ಸಾಯಾಕ ಹತ್ಯಾವೆ. ಗಡ್ಡೆ ಅರ್ಧ ಕುಗ್ಗೈತೆ ಅತ್ತೆ!"

"ಇನ್ನರ್ಧ ಮೊಂಡು ಬಿದ್ದಾವೆ," ಎಂದರು ಡಾಕ್ಟರು. "ಅದಕ್ಕೇ ಉಳಿದ ಮೂರೂ ಬೇಕು."

ನಾಗರತ್ನಮ್ಮ ಹೊರಗೆ ಬೆಂಚಿನ ಮೇಲಿದ್ದವರಿಗೂ ಕೇಳುವಂತೆ, "ಸಾಯ್ಲಿ! ಎಲ್ಲಾ ಸಾಯ್ಲಿ ಮುಂಡೇವು!" ಎಂದು ಕೂಗಿ ಗಹಗಹಿಸಿ ನಕ್ಕಳು. ಎಷ್ಟು ತಿಂಗಳಾಗಿತ್ತೋ ಆ ಗಂಟಲು ಅಷ್ಟು ಜೋರಾಗಿ ನಕ್ಕು! "ಏನ್ರೀ, ನೀವೂ ಅನ್ರಿ."

ರೇವಣ್ಣ ಅತ್ತ ಇತ್ತ ನೋಡಿದ. "ಸಾಯ್ಲಿ," ಎಂದು ಪಿಸುಗುಟ್ಟಿದ. ಇನ್ನೊಮ್ಮೆ ಗಟ್ಟಿಯಾಗಿ ಅಂದ. ಅಂದವನೇ ಮಗುವಿನಂತೆ ಅತ್ತುಬಿಟ್ಟ.

"ಮುಂದಿನದು ಸೋಮವಾರ," ಎಂದರು ಡಾಕ್ಟರು.

"ಸೋಮವಾರದ ತನಕ ಯಾಕ್ರಿ ಕಾಯೋದು?" ಎಂದಳು ನಾಗರತ್ನಮ್ಮ. ಸೆರಗು ಸರಿಸಿ, ಮೇಜಿನ ಮೇಲೆ ತೋಳು ಚಾಚಿ ಕೂತಳು.