ಅತ್ತೆಯ ಕಡೆಗೇ ವಾಲುವ ಗಾಳಿಪಟ

೧

ಇದನ್ನು ಸಮುದ್ರದಿಂದ ಶುರುಮಾಡಲೋ, ಹೊಲಿಗೆ ಮೆಷಿನ್ನಿನಿಂದಲೋ? ಸಮುದ್ರದ ಡ್ರಾಫ್ಟು ಒಂದಿತ್ತು. ಎರಡು ಪುಟ ಅಲೆಗಳು ಭೋರ್ಗರೆದವೇ ಹೊರತು ಒಬ್ಬ ಮನುಷ್ಯನೂ ಬಾಯಿಬಿಡಲಿಲ್ಲ. ಹರಿದು ಹಾಕಿದೆ. (ಸುಳ್ಳು. ಲ್ಯಾಪ್‌ಟಾಪಿನಲ್ಲಿ ಹರಿಯುವುದಕ್ಕೆ ಏನಿದೆ? ಡಿಲೀಟ್ ಮಾಡಿದೆ. ಆಮೇಲೆ ಮನಸ್ಸು ತಡೆಯದೆ ಒಂದೇ ಒಂದು ವಾಕ್ಯ ಹೆಕ್ಕಿ ಇಟ್ಟುಕೊಂಡೆ. ಬರುತ್ತದೆ, ಅವಸರ ಮಾಡಬೇಡಿ.)

೧ (ಮತ್ತೆ)

ಒಂದು ಉದ್ದನೆಯ ಹಾಲ್. ನೆಲದ ಮೇಲೆ ಮಂಡಿಯೂರಿ ಒಬ್ಬಳು ಗಾಳಿಪಟ ಹೊಲಿಯುತ್ತಿದ್ದಾಳೆ. ಮಕ್ಕಳ ಪಟವಲ್ಲ. ಸರಕು ಹಡಗಿನ ಮೂತಿಗೆ ಕಟ್ಟಿ ಮೇಲೆ ಬಿಟ್ಟರೆ ಹಡಗನ್ನೇ ಎಳೆಯುವಂಥದ್ದು. ಗಾಳಿ ಎಳೆದಷ್ಟೂ ಎಂಜಿನ್ನಿಗೆ ಬಿಡುವು. ಪಟ ಹಾಲ್‌ಗಿಂತ ದೊಡ್ಡದಾದ್ದರಿಂದ ಒಂದು ರೆಕ್ಕೆಯನ್ನು ಹೊಲಿದು ಮಡಚಿಟ್ಟ ಮೇಲೇ ಇನ್ನೊಂದನ್ನು ಹರಡಬೇಕು. ತಾನು ಹೊಲಿದದ್ದು ಪೂರ್ತಿ ಬಿಚ್ಚಿಕೊಂಡದ್ದನ್ನು ಅವಳು ಒಮ್ಮೆಯೂ ಕಂಡವಳಲ್ಲ.

ಅವಳ ಗಂಡ ಆ ಹಡಗಿನ ಎಂಜಿನ್ ನೋಡಿಕೊಳ್ಳುವವನು. ಮಲಗುವುದೂ ಎಂಜಿನ್ನಿನ ಪಕ್ಕದ ಕ್ಯಾಬಿನ್ನಿನಲ್ಲೇ. ಫೋನ್ ಮಾಡಿದಾಗಲೆಲ್ಲ ಹಿಂದೆ ಧಡಧಡ. "ಊಟ ಆಯ್ತಾ" ಎನ್ನುವುದನ್ನೂ ಜಗಳದ ದನಿಯಲ್ಲೇ ಕೂಗುತ್ತಾನೆ, ಇವಳೂ ಕೂಗುತ್ತಾಳೆ. ಇವರ ಸಂಸಾರ ಸರಿಯಿಲ್ಲವೆಂದು ಪಕ್ಕದ ಮನೆಯವರು ನಂಬಿಬಿಟ್ಟಿದ್ದಾರೆ.

೨

ಕಥೆಗೆ ಜಗಳ ಬೇಕಲ್ಲ ಎಂದು, ಎಂಜಿನ್ನಿನ ಮೇಲಿನ ಮೋಹಕ್ಕೆ ಗಂಡ ಪಟವನ್ನು ದ್ವೇಷಿಸುತ್ತಾನೆ ಅಂತ ಬರೆದೆ. ಅವನು ಎಣ್ಣೆಗೈ ಒರೆಸಿಕೊಳ್ಳುತ್ತ ಪುಟದೊಳಗಿಂದಲೇ ರೇಗಿದ.

"ನಾನ್ಯಾಕ್ರೀ ಹೊಟ್ಟೆಕಿಚ್ಚು ಪಡ್ಲಿ? ಕ್ಯಾಪ್ಟನ್ ಬೆನ್ನು ಬಿದ್ದು ಒಪ್ಸಿದ್ದು ಯಾರು ಅಂದ್ಕೊಂಡ್ರಿ?"

ಸರಿ, ಅಳಿಸಿದೆ. ಕ್ಯಾಪ್ಟನ್ ಒಪ್ಪಿದ್ದೂ ಅರೆಮನಸ್ಸಿನಿಂದ: ಈ ಒಂದು ಯಾನ ನೋಡುತ್ತೇನೆ, ನೆಟ್ಟಗೆ ಎಳೆಯದಿದ್ದರೆ ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತೇನೆ. ಇಳಿಸಿದರೆ ಬೇರೆ ಯಾವ ಹಡಗೂ ಕೇಳುವುದಿಲ್ಲ, ಹಾಲ್‌ಗೆ ಬೀಗ. ಅವಳು ಈ ಕೆಲಸವನ್ನು ಬಹಳ ಪ್ರೀತಿಸುತ್ತಾಳೆ. ಇದನ್ನು ಸುತ್ತಿಬಳಸಿ ಹೇಳುವ ವಿಧಾನ ನನಗೆ ಗೊತ್ತಿಲ್ಲ.

೩

(ಸ್ವಲ್ಪ ತಾಂತ್ರಿಕ ವಿಷಯ. ಆಕಳಿಸುವವರು ಈಗಲೇ ಆಕಳಿಸಿಬಿಡಿ.) ಪಟದ ಎರಡೂ ಬದಿಗೆ ಹಗ್ಗಗಳ ಗೊಂಚಲು. ಎಲ್ಲ ಮುಗಿದ ಮೇಲೆ ಪ್ರತಿ ಹಗ್ಗವನ್ನೂ ಒಂದು ಗೇಣು ಮಡಚಿ ಗಂಟು ಹಾಕಬೇಕು. ಟೇಪ್ ಹಿಡಿಯುವ ರೂಢಿಯಿಲ್ಲ. ಶುರುಮಾಡಿದ ಕೈಯೇ ಮುಗಿಸಬೇಕು, ಅದೊಂದೇ ಕಟ್ಟುಪಾಡು.

ಹಡಗು ಹೊರಡುವ ದಿನ ಅವಳು ಎಡಬದಿ ಮುಗಿಸುವಷ್ಟರಲ್ಲಿ ಸುಸ್ತಾಗಿ ಗೋಡೆಗೊರಗಿ ನಿದ್ದೆಹೋದಳು. ಬುತ್ತಿ ತಂದಿದ್ದ ಅತ್ತೆ ಸುಮ್ಮನೆ ಕೂರುವವರಲ್ಲ. "ಗೇಣು ತಾನೆ? ನಂಗೂ ಕೈ ಇದೆ" ಎಂದು ಬಲಬದಿಯನ್ನು ಪಟಪಟ ಮುಗಿಸಿದರು. ಅತ್ತೆಯ ಕೈ ಮೊರದಗಲ. ಇವಳು ಎಚ್ಚೆತ್ತಾಗ ಲಾರಿ ಪಟವನ್ನು ಹೇರಿಕೊಂಡು ಹೊರಟಿತ್ತು.

೪

"ಪಟ ಬಲಕ್ಕೇ ವಾಲ್ತಿದೆ ಕಣೇ," ಗಂಡ ಕೂಗಿದ. "ಹಡಗನ್ನೂ ಎಳ್ಕೊಂಡು ಹೋಗ್ತಿದೆ. ಕ್ಯಾಪ್ಟನ್ ಮುಖ ನೋಡೋಕಾಗ್ತಿಲ್ಲ."

ಬಲಬದಿ ಯಾರದೆಂದು ಅವಳಿಗೆ ಗೊತ್ತಿತ್ತು. ಎದುರಿಗೇ ಕೂತ ಅತ್ತೆ ತಮ್ಮ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದರು.

"ಬಲಗಡೆ ಅತ್ತೆ ಕಟ್ಟಿದ್ದು," ಅವಳೂ ಕೂಗಿದಳು. "ಪಟ ಇಳಿಸಿ ಗಂಟೆಲ್ಲ ಬಿಚ್ಚಿ, ನನ್ನ ಗೇಣಿಗೆ ಕಟ್ಟಿ. ತಾಳಿ, ಟೇಪ್ ತರ್ತೀನಿ."

"ಬೇಡ."

"ಬೇಡ ಅಂದ್ರೆ? ಅಳತೆ ಹೇಗೆ ಗೊತ್ತಾಗುತ್ತೆ?"

"ನಂಗೊತ್ತು. ನಿನ್ನ ಗೇಣು ಅಂದ್ರೆ ನನ್ನ ಹೆಬ್ಬೆರಳಿಂದ ಉಂಗುರದ ಬೆರಳಿಗೆ. ಕಿರುಬೆರಳಿಗೆ ಬರಲ್ಲ."

ಊರಿಗೆ ಬಂದಾಗ ಅವನು ಸುಮ್ಮನೆ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಕೂರುತ್ತಿದ್ದ. ನಿದ್ದೆಗಣ್ಣಲ್ಲಿದ್ದಾನೆ ಎಂದುಕೊಂಡಿದ್ದಳು. (ನಾನೂ ಹಾಗೇ ಬರೆದಿದ್ದೆ. ಇಬ್ಬರಿಗೂ ತಿಳಿದಿರಲಿಲ್ಲ.)

೫

ಈಗ ಕೊನೆ. ಸ್ಟಾಕ್‌ನಲ್ಲಿರುವವು ಇವು.

ಅ. ಹಗ್ಗ ತುಂಡಾಗಿ ಪಟ ನೀರಿಗೆ ಬೀಳುತ್ತದೆ. ಸಾಹಿತ್ಯಿಕವಾಗಿ ಗೌರವ ಸಿಗುವ ಅಂತ್ಯ. "ನಿಮ್ಮ ಗೌರವಕ್ಕೆ ನಮ್ಮ ಪಟ ಯಾಕೆ ಬೀಳ್ಬೇಕು?" ಎಂದರು ಅತ್ತೆ. ವಾಪಸ್ ತೆಗೆದುಕೊಂಡೆ.

ಆ. ಕ್ಯಾಪ್ಟನ್ ಕಣ್ಣೀರಿಟ್ಟು ಹತ್ತು ಪಟ ಆರ್ಡರ್ ಮಾಡುತ್ತಾನೆ. ಇದನ್ನು ನಾನೇ ನಂಬಲಿಲ್ಲ.

ಇ. ಇದಿನ್ನೂ ನಡೆಯುತ್ತಿದೆ. ಮಾರನೆಯ ಮಧ್ಯಾಹ್ನ ಫೋನ್ ಬಂತು. ಎಂದಿನಂತೆ ಕಿವಿಯಿಂದ ಒಂದಿಷ್ಟು ದೂರ ಹಿಡಿದಳು. ಕೂಗು ಬರಲಿಲ್ಲ. ಹತ್ತಿರ ತಂದಳು.

"ಊಟ ಆಯ್ತಾ?" ಅವನ ದನಿ ಕಿವಿಯಲ್ಲೇ ಇತ್ತು.

"ಯಾಕ್ರೀ, ಹುಷಾರಿಲ್ವಾ? ಇಷ್ಟು ಮೆಲ್ಲಗೆ?"

"ಎಂಜಿನ್ ತಗ್ಗಿಸಿದೀನಿ. ಪಟ ಎಳೀತಿದೆ. ಕೂಗೋ ಅಗತ್ಯ ಬೀಳ್ಲಿಲ್ಲ."

ಧಡಧಡ ಇರುತ್ತಿದ್ದ ಕಡೆ ಹಡಗಿನ ಪಕ್ಕದಲ್ಲಿ ನೀರು ಸರಿದುಹೋಗುವ ಸದ್ದಿತ್ತು. (ಹೆಕ್ಕಿಟ್ಟಿದ್ದು ಇದೇ ವಾಕ್ಯವನ್ನು.) ಅವನಿಗೆ ಇಂಥದ್ದೊಂದು ದನಿಯಿದೆಯೆಂದು ಮರೆತೇಹೋಗಿತ್ತು ಅವಳಿಗೆ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ಯಾವ ಕಡೆಗೂ ವಾಲ್ತಿಲ್ವಂತಾ?" ಅತ್ತೆ ಕೇಳಿದರು, ತುಸು ನಿರಾಸೆಯಿಂದಲೇ.

ಬಂದರು ಇನ್ನೂ ದೂರವಿದೆ. ಕ್ಯಾಪ್ಟನ್ ನಕ್ಕಿಲ್ಲ, ಬೈದೂ ಇಲ್ಲ. ಗಾಳಿ ಬಿದ್ದುಹೋಗಬಹುದು. ಓದುಗರೇ, ಹಾಲ್‌ಗೆ ಬೀಗ ಬಿತ್ತೋ ಇಲ್ಲವೋ ಎಂದು ನೀವು ಕೇಳುತ್ತೀರಿ, ಉತ್ತರ ನನ್ನ ಹತ್ತಿರ ಇಲ್ಲ. ಅವಳು ಮಾತ್ರ ಫೋನಿನಲ್ಲಿ ಬೇರೆಯದೇ ಕೇಳಿದಳು.

"ಪಟ ಪೂರ್ತಿ ಬಿಚ್ಚಿಕೊಂಡಾಗ ಹೇಗೆ ಕಾಣುತ್ತೆ? ಒಂದು ತುದಿಯಿಂದ ಹೇಳಿ."

ಅವನು ಎಡತುದಿಯಿಂದ ಶುರುಮಾಡಿದ. ಇದು ಒಳ್ಳೇ ಜಾಗ, ಇಲ್ಲೇ ಮುಗಿಸೋಣವೆಂದು ನಾನು ಗಂಟಲು ಸರಿಮಾಡಿಕೊಂಡೆ. ಅವಳು ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದಳು.

"ಸ್ವಲ್ಪ ಸುಮ್ನಿರ್ತೀರಾ? ಅವ್ರು ಮಾತಾಡೋದು ಕೇಳಿಸ್ತಿದೆ."